ಹದಿನಾಲ್ಕು ಜನರ ಸಿನಿಮಾ, ಆರು ಜನರ ಮತ

ಹನ್ನೊಂದು ವರ್ಷಗಳಿಂದ ಮುಖಂಡರು ತಮ್ಮ ಸ್ವಂತ ಮನೆಯಲ್ಲಿ ಒಂದೇ ಒಂದು ಠರಾವು ಗೆದ್ದಿರಲಿಲ್ಲ.

'ಮುಖಂಡರು' ಎಂಬುದು ಅವರ ಹೆಸರಲ್ಲ, ಅಂಟಿಕೊಂಡ ಜಾಡ್ಯ. ಬಾಟಲಿ ಕಾರ್ಖಾನೆಯ ಮೊದಲನೇ ಗೇಟಿನ ಕಾರ್ಮಿಕ ಸಂಘಕ್ಕೆ ಮೂವತ್ತು ವರ್ಷ ಅಧ್ಯಕ್ಷರಾಗಿದ್ದರು. ನಾಲ್ಕು ಮುಷ್ಕರ, ಎರಡು ಸಲ ಲಾಕಪ್ಪು, ಬಲಗೈಗೆ ಒಂದು ಲಾಠಿ ಏಟು. ಆ ಏಟು ಬಿದ್ದಾಗಿನಿಂದ ಭಾಷಣ ಮಾಡುವಾಗ ಎಡಗೈಯಿಂದಲೇ ಗಾಳಿಯನ್ನು ಕೊಚ್ಚುವುದು ರೂಢಿಯಾಗಿತ್ತು. ನಿವೃತ್ತಿಯಾಗಿ ಎಂಟು ವರ್ಷವಾದರೂ ಹಾಲಿನವನು, ಇಸ್ತ್ರಿಯವನು, ಕೊನೆಗೆ ಹೆಂಡತಿ ಕೂಡ ಮುಖಂಡರು ಅಂತಲೇ ಕರೆಯುತ್ತಿದ್ದರು. (ಹೆಂಡತಿ ಕರೆಯುವಾಗ ಆ ಪದದಲ್ಲಿ ಗೌರವ ಎಲ್ಲಿದೆ ಎಂದು ಹುಡುಕಲು ಭೂತಗನ್ನಡಿ ಬೇಕಾಗುತ್ತಿತ್ತು.)

ಬೇರೆ ಗಂಡಸರು ಕಾರ್ಖಾನೆಯಿಂದ ಮನೆಗೆ ನಟ್ಟು, ಬೋಲ್ಟು, ಸ್ಪ್ಯಾನರ್ ಎಗರಿಸಿ ತಂದರೆ ಇವರು ಪ್ರಜಾಪ್ರಭುತ್ವ ತಂದರು. ಮಗಳ ಮದುವೆಯಾಗಿ ಅಳಿಯ ಇದೇ ಮನೆಗೆ ಬಂದ ವಾರವೇ ನಿಯಮ ಜಾರಿಗೆ ಬಂತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ ಸಭೆ. ಆರು ಜನ, ಆರು ಮತ. ಕೈ ಎತ್ತಿ ಹೇಳಬೇಕು. ಸಮ ಸಮ ಬಂದರೆ ಅಧ್ಯಕ್ಷರಿಗೆ ಇನ್ನೊಂದು ಮತ. ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಮಾತ್ರ ಮತಕ್ಕೆ ಬರಲೇ ಇಲ್ಲ. ಮನೆಯಲ್ಲಿ ಕೈಗಳಿರುವ ಬೆತ್ತದ ಕುರ್ಚಿ ಒಂದೇ ಇತ್ತು, ಅದು ಫ್ಯಾನಿನ ಕೆಳಗಿತ್ತು, ಮುಖಂಡರು ಅದರಲ್ಲಿ ಕೂತಿದ್ದರು. ಅಷ್ಟಕ್ಕೇ ಇತಿಹಾಸ ತೀರ್ಮಾನವಾಗಿ ಹೋಯಿತು.

ಆದರೆ ಆ ಇನ್ನೊಂದು ಮತ ಹಾಕುವ ಯೋಗ ಒಮ್ಮೆಯೂ ಬರಲಿಲ್ಲ. ಯಾಕೆಂದರೆ ಸಮ ಸಮ ಎಂಬುದು ಬಂದರೆ ತಾನೆ! ಚಪ್ಪಲಿ ಸ್ಟ್ಯಾಂಡು ಬಾಗಿಲ ಎಡಕ್ಕೆ ಬರಲಿ ಎಂದು ಠರಾವು ಮಂಡಿಸಿದರು: ಪರ ಒಂದು, ವಿರೋಧ ಐದು. ಬೆಳಗಿನ ಪೇಪರು ಮೊದಲು ಅಧ್ಯಕ್ಷರ ಕೈಗೆ ಸಲ್ಲತಕ್ಕದ್ದು ಎಂದರು: ಒಂದು, ಐದು. ಅಧ್ಯಕ್ಷರು ಮಾತಾಡುವಾಗ ಮಿಕ್ಸಿ ಹಾಕಕೂಡದು ಎಂದರು. ಅದಕ್ಕೆ ವಿರೋಧದ ಐದು ಮತ ಬಿದ್ದದ್ದಷ್ಟೇ ಅಲ್ಲ, ಮತ ಎಣಿಸುವಾಗಲೂ ಮಿಕ್ಸಿ ಓಡುತ್ತಿತ್ತು.

"ಜನ ಇನ್ನೂ ಜಾಗೃತರಾಗಿಲ್ಲ" ಎಂದು ಮುಖಂಡರು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ, ಹಳೆಯ ಸಂಗಾತಿ ವೆಲ್ಡರ್ ಮೊಬೈಲಿಗೆ ಒಂದು ಕೊಂಡಿ ಕಳಿಸಿದ. ಒತ್ತಿ ನೋಡಿದರೆ 'ಬೀಗ ಹಾಕಿದೋರು ಯಾರು?'

ಮುಖಂಡರು ಕೂತಲ್ಲೇ ನೆಟ್ಟಗಾದರು. ಮೂವತ್ತಾರು ವರ್ಷದ ಹಿಂದೆ ಒಂದು ವಾರ ಓಡಿ, ಎಂಟನೇ ದಿನ ಪೋಸ್ಟರ್ ಸಮೇತ ಮಾಯವಾದ ಸಿನಿಮಾ. ಹದಿನಾಲ್ಕು ಮುಖ್ಯ ಪಾತ್ರಗಳು, ಹೀರೋ ಇಲ್ಲ, ಹೀರೋಯಿನ್ ಇಲ್ಲ. ಒಂದು ಗುಂಡಿ ತಯಾರಿಸುವ ಕಾರ್ಖಾನೆ, ಅಂಗಿಗೆ ಹಾಕುವ ಗುಂಡಿ. ಅಲ್ಲಿಯ ಹದಿನಾಲ್ಕು ಮಂದಿ ಮಾಲೀಕನನ್ನು ಅವನ ಕೋಣೆಯಲ್ಲೇ ಕೂಡಿ ಬೀಗ ಹಾಕಿ ಘೇರಾವ್ ಮಾಡುವ ಒಂದು ದಿನದ ಕತೆ. ಯಾರೋ ಪುಣ್ಯಾತ್ಮ ಹಳೆಯ ಪ್ರತಿ ಹುಡುಕಿ ಇಂಟರ್ನೆಟ್ಟಿಗೆ ಹಾಕಿದ್ದ. ಅದುವರೆಗೆ ನೋಡಿದವರು ಇನ್ನೂರ ಹನ್ನೊಂದು ಜನ. ಅಭಿಪ್ರಾಯ ಬರೆದವನು ಒಬ್ಬ: "ಸೌಂಡ್ ಸರಿಯಿಲ್ಲ."

ಮುಖಂಡರಿಗೆ ಈ ಸಿನಿಮಾ ಬರೀ ಸಿನಿಮಾ ಆಗಿರಲಿಲ್ಲ. ಅದರ ನಿರ್ದೇಶಕ, ಒಬ್ಬ ಜುಬ್ಬಾದವನು, ಸಿನಿಮಾ ಬರುವ ಹಿಂದಿನ ವರ್ಷ ನೋಟ್‌ಬುಕ್ ಹಿಡಿದು ಬಾಟಲಿ ಕಾರ್ಖಾನೆಯ ಗೇಟಿಗೆ ದಿನಾ ಬರುತ್ತಿದ್ದ. ಮುಖಂಡರೇ ಅವನನ್ನು ಕೂರಿಸಿಕೊಂಡು ಕಾರ್ಮಿಕರ ಬದುಕನ್ನು ವಿವರಿಸಿದ್ದರು. ಸಿನಿಮಾ ಬಂದಾಗ ಮುಷ್ಕರ ನಡೆಯುತ್ತಿತ್ತು. ಹೇಗೂ ಥಿಯೇಟರ್ ಖಾಲಿ ಹೊಡೆಯುತ್ತಿದೆ ಎಂದು ಅದರ ಮಾಲೀಕ ಮುಷ್ಕರನಿರತರನ್ನೆಲ್ಲ ಒಳಗೆ ಬಿಟ್ಟಿದ್ದ. ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದರಲ್ಲಿ ಮೈಕಣ್ಣ ಎಂಬ ಬಾಯಿಬಡುಕ ಮುಖಂಡನ ಪಾತ್ರವೊಂದಿತ್ತು. ಅದು ಎರಡನೇ ಗೇಟಿನ ಎದುರಾಳಿ ಸಂಘದ ಅಧ್ಯಕ್ಷ ಬೋಳನನ್ನು ನೋಡಿಯೇ ಬರೆದದ್ದು ಎಂದು ಮುಖಂಡರಿಗೆ ಒಂದೇ ಏಟಿಗೆ ಹೊಳೆದಿತ್ತು. ಮೈಕಣ್ಣ ಬಾಯಿ ತೆರೆದಾಗಲೆಲ್ಲ ಕಾರ್ಮಿಕರು ಇವರತ್ತ ತಿರುಗಿ ನೋಡುತ್ತಿದ್ದರು. ನಗಲು ಅಪ್ಪಣೆ ಕೇಳುತ್ತಿದ್ದಾರೆ ಎಂದುಕೊಂಡು ಇವರು ಎಲ್ಲರಿಗಿಂತ ಜೋರಾಗಿ ನಕ್ಕು ತೋರಿಸಿದ್ದರು. ಸಿನಿಮಾ ಮುಗಿದ ಕ್ಷಣವೇ ಪರದೆಯ ಮುಂದೆ ಜಿಗಿದು ನಿಂತು ನಾಲ್ಕು ಮಾತಾಡಿದ್ದರು. ಇಡೀ ಥಿಯೇಟರ್ ಎದ್ದು ನಿಂತು ಸಿಳ್ಳೆ, ಚಪ್ಪಾಳೆ! ಅವರ ಬದುಕಿನಲ್ಲಿ ಅಂಥ ಚಪ್ಪಾಳೆ ಅದಕ್ಕೆ ಮೊದಲೂ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

ಈ ಭಾನುವಾರ ಇಡೀ ಮನೆ ಕೂತು ಈ ಸಿನಿಮಾ ನೋಡಬೇಕು. ಠರಾವು ಮಂಡಿಸುವುದು, ಗೆಲ್ಲುವುದು. ಮುಖಂಡರು ನಿರ್ಧರಿಸಿಬಿಟ್ಟರು.

ಗೆಲ್ಲಲು ಬೇಕಾದದ್ದು ಎರಡೇ ಮತ. ಮೂರು ಮೂರು ಆದರೆ ಉಳಿದದ್ದನ್ನು ಕುರ್ಚಿ ನೋಡಿಕೊಳ್ಳುತ್ತದೆ. ಹೆಂಡತಿಯ ಮತ ಸಿಗುವ ಮಾತಿಲ್ಲ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡುವವರ ಲೈನ್ ಕತ್ತರಿಸುವುದು ಕೈಗೆ ರೂಢಿಯಾಗಿತ್ತು. ಮಗಳು ಕೋರ್ಟಿನಲ್ಲಿ ಸ್ಟೆನೋ, ಅಮ್ಮನ ಕಡೆ. ಲಿಫ್ಟ್ ಮೆಕ್ಯಾನಿಕ್ ಅಳಿಯ ಮಗಳ ಕಡೆ. ಆತ ಹನ್ನೊಂದು ವರ್ಷದಲ್ಲಿ "ಹೂಂ ಮಾವ" ಬಿಟ್ಟು ಬೇರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಉಳಿದವರು ಮಹಡಿ ಮೇಲಿನ ಬಾಮೈದ ಮತ್ತು ಎಂಬತ್ತನಾಲ್ಕು ವರ್ಷದ ಅತ್ತೆ.

ಬಾಮೈದ ಕನ್ನಡಕದ ಅಂಗಡಿಯವನು. ಮುಖಂಡರು ಶನಿವಾರ ಅಂಗಡಿಗೇ ಹೋದರು. ಅವನು ಯಾರದೋ ಕನ್ನಡಕದ ತಿರುಪು ಬಿಗಿಯುತ್ತಿದ್ದ.

"ಹೊಡೆದಾಟ ಇದೆಯಾ ಭಾವ?"

"ವರ್ಗ ಸಂಘರ್ಷ ಇದೆ."

"ಅದರಲ್ಲಿ ಗಾಜು ಒಡೀತಾರಾ?"

"ಒಂದು ಕಡೆ... ಲೋಟ ಒಡೆಯುತ್ತೆ."

"ಯಾರ ತಲೆ ಮೇಲೆ?"

"ನೆಲದ ಮೇಲೆ."

ಬಾಮೈದ ತಿರುಪನ್ನು ಬಾಯಲ್ಲಿ ಕಚ್ಚಿಕೊಂಡು ಯೋಚಿಸಿದ. "ಹೀರೋ ಯಾರು?"

"ಹೀರೋ ಇಲ್ಲ ಕಣಯ್ಯ, ಅದೇ ವಿಶೇಷ. ಹದಿನಾಲ್ಕು ಜನಾನೂ ಹೀರೋಗಳೇ."

"ಹದಿನಾಲ್ಕು ಜನ ಸೇರಿ ಒಂದು ಲೋಟ ಒಡೀತಾರಾ?"

ಅಲ್ಲಿಗೆ ಕಲಾಚರ್ಚೆ ಕೈಬಿಟ್ಟು ಮುಖಂಡರು ನೇರ ವ್ಯವಹಾರಕ್ಕೆ ಇಳಿದರು. ಮುಂದಿನ ಎರಡು ತಿಂಗಳು ಮಹಡಿಯ ನೀರಿನ ಟ್ಯಾಂಕು ತೊಳೆಯುವ ಪಾಳಿ ತಮ್ಮದು ಎಂದರು. ಬಾಮೈದ ತಿರುಪು ಉಗಿದು ಕೈ ಎತ್ತಿದ. "ಈಗಲ್ಲಯ್ಯ, ನಾಳೆ" ಎಂದು ಹೇಳಬೇಕಾಯಿತು.

ಅತ್ತೆಯ ವಿಚಾರಣೆ ಇನ್ನೂ ಕಠಿಣವಾಗಿತ್ತು.

"ಯಾರಾದ್ರೂ ಸಾಯ್ತಾರಾ ಅಳಿಯಂದಿರೇ?"

"ಇಲ್ಲ ಅತ್ತೆ, ಹಾಸ್ಯದ ಸಿನಿಮಾ."

"ಮದುವೆನಾದ್ರೂ ಆಗುತ್ತಾ?"

"ಆರು ವರ್ಷದಿಂದ ಮಾತು ಬಿಟ್ಟ ಗಂಡ ಹೆಂಡತಿ ಇದ್ದಾರೆ. ಒಂದೇ ಪಾಳಿ."

"ಹಾಗಾದ್ರೆ ಮದುವೆ ಆಗಿ ಹೋಗಿದೆ." ಅತ್ತೆ ನಿಟ್ಟುಸಿರು ಬಿಟ್ಟರು. "ಆರು ವರ್ಷ ಮಾತಿಲ್ವಾ? ಆ ಹೆಣ್ಣು ಪುಣ್ಯ ಮಾಡಿತ್ತು." ಹಾಗೆ ಹೇಳಿ ಅಡುಗೆಮನೆಯಲ್ಲಿದ್ದ ತಮ್ಮ ಮಗಳ ಕಡೆ ಕಣ್ಣು ಹಾಯಿಸಿದರು. "ಆಗ್ಲಿ, ಆ ಹೆಣ್ಣನ್ನ ನೋಡೋಕಾದ್ರೂ ಕೈ ಎತ್ತುತ್ತೀನಿ."

ಭಾನುವಾರ ಸಭೆ ಸೇರಿತು. ಮಗಳು ನಡವಳಿ ಪುಸ್ತಕ ತೆರೆದಳು. (ಕೋರ್ಟಿನ ಅಭ್ಯಾಸ, ಯಾರಾದರೂ ಕೆಮ್ಮಿದರೂ ಬರೆಯುತ್ತಾಳೆ.) ಮುಖಂಡರು ಎದ್ದು ನಿಂತು, ಕನ್ನಡಕ ತೆಗೆದು ಜೇಬಿಗೆ ಹಾಕಿ, ಮೂರು ಸಲ ಗಂಟಲು ಸರಿಮಾಡಿಕೊಂಡರು.

"ಸಂಗಾತಿಗಳೇ, ನಾನು ಹೆಚ್ಚು ಹೊತ್ತು ತಗೊಳ್ಳಲ್ಲ. ಮೂರೇ ಮೂರು ಮಾತು. ಒಂದನೇದು, ಜನ ಕಡೆಗಣಿಸಿದ ಕಲಾಕೃತಿಗಳ ಬಗ್ಗೆ ನಮ್ಮ ಐತಿಹಾಸಿಕ ಜವಾಬ್ದಾರಿ..."

ಐತಿಹಾಸಿಕ ಜವಾಬ್ದಾರಿಯಲ್ಲಿ ನಾಲ್ಕು ಉಪವಿಭಾಗಗಳಿದ್ದವು. ಎಡಗೈ ಗಾಳಿಯನ್ನು ತರಕಾರಿಯಂತೆ ಕೊಚ್ಚುತ್ತಿತ್ತು. ಮೂರನೇ ಉಪವಿಭಾಗದಲ್ಲಿದ್ದಾಗ ಹೆಂಡತಿ ಗಡಿಯಾರ ನೋಡಿದಳು.

"ಮೂರು ನಿಮಿಷ ಆಯ್ತು. ಕಟ್."

"ಇನ್ನೂ ಒಂದನೇ ಮಾತೇ ಮುಗಿದಿಲ್ಲ ಕಣೇ!"

"ಮುಗಿಯೋದೂ ಇಲ್ಲ. ಮತಕ್ಕೆ ಹಾಕಿ."

ಬಾಮೈದನ ಕೈ ಎದ್ದಿತು. ಅತ್ತೆಯ ಕೈ ಎದ್ದಿತು. ಮುಖಂಡರ ಕೈ ಎದ್ದಿತು. ಮೂರು! ಹೆಂಡತಿ ತಮ್ಮನನ್ನು ಸುಡುವಂತೆ ನೋಡಿದಳು. "ಲೋ, ಏನು ಕೊಟ್ರೋ ನಿನಗೆ?" "ತತ್ವಕ್ಕೋಸ್ಕರ ಅಕ್ಕ" ಎಂದ ಅವನು. ಅಮ್ಮನನ್ನು ನೋಡಿದಳು, ಅತ್ತೆ ಸೂರು ನೋಡಿದರು.

ಮುಖಂಡರು ಹನ್ನೊಂದು ವರ್ಷ ಮಡಿಸಿಟ್ಟಿದ್ದ ಆ ಇನ್ನೊಂದು ಮತವನ್ನು ಬಿಡಿಸಿ, ಎರಡೂ ಕೈ ಎತ್ತಿ ಹಾಕಿದರು. ಒಂದು ಕೈ ಸಾಕಿತ್ತು.

"ಆಯ್ತು, ನೋಡೋಣ" ಎಂದಳು ಹೆಂಡತಿ. ಆ ದನಿಯಲ್ಲಿದ್ದ ಶಾಂತಿಯನ್ನು ಮುಖಂಡರು ಗಮನಿಸಬೇಕಿತ್ತು. "ಆದ್ರೆ ಒಂದು ತಿದ್ದುಪಡಿ. ಭಾನುವಾರದ ನಿದ್ದೆ ಬಿಟ್ಟು ಎರಡೂಕಾಲು ಗಂಟೆ ಕೂರ್ತೀವಿ. ನೋಡಿದ ಮೇಲೆ ಮತ ಹಾಕೋಣ, ಇದು ನೋಡುವಂಥ ಸಿನಿಮಾನೋ ಅಲ್ಲವೋ ಅಂತ. ನೋಡುವಂಥದ್ದು ಅಂತ ಆದ್ರೆ ಈ ಕುರ್ಚಿ ಸಾಯೋವರೆಗೂ ನಿಮ್ಮದು, ನಾನು ಉಸಿರೆತ್ತಲ್ಲ. ಇಲ್ಲ ಅಂತ ಆದ್ರೆ ಇವತ್ತೇ ಎದ್ದೇಳ್ಬೇಕು, ನಾನು ಕೂರ್ತೀನಿ."

ಮುಖಂಡರು ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡರು. ಸಂಘ ಹೋಯಿತು, ಗೇಟು ಹೋಯಿತು, ಕಾರ್ಖಾನೆಯ ಜಾಗದಲ್ಲಿ ಈಗ ಗೋದಾಮು ಎದ್ದಿದೆ. 'ಅಧ್ಯಕ್ಷರೇ' ಎಂದು ಕರೆಸಿಕೊಳ್ಳಲು ಅವರಿಗೆ ಭೂಮಿಯ ಮೇಲೆ ಉಳಿದ ಜಾಗ ಈ ಬೆತ್ತದ ನಾಲ್ಕು ಕಾಲಿನಷ್ಟೇ. ಆದರೆ ಗೆದ್ದ ಅಮಲು ತಲೆಗೇರಿತ್ತು. ಮುನ್ನೂರು ಜನ ನಕ್ಕ ಸಿನಿಮಾಕ್ಕೆ ಈ ಐದು ಜನ ನಗದೇ ಇರುತ್ತಾರೆಯೇ?

"ಒಪ್ಪಿದೆ!" ಎಂದರು. ಮಗಳು ಬರೆದುಕೊಂಡಳು.

ಅಳಿಯ ಮೊಬೈಲನ್ನು ಟಿವಿಗೆ ಸೇರಿಸಿದ. ಸಿನಿಮಾ ಶುರುವಾಯಿತು.

ಅಭಿಪ್ರಾಯ ಬರೆದವನು ಸುಳ್ಳು ಹೇಳಿರಲಿಲ್ಲ. ಪಾತ್ರಗಳೆಲ್ಲ ಡ್ರಮ್ಮಿನೊಳಗೆ ಕೂತು ಮಾತಾಡಿದಂತಿತ್ತು. ಬಣ್ಣ ಹತ್ತು ಸಲ ಒಗೆದ ಬಟ್ಟೆಯ ಹಾಗೆ. ಚಿತ್ರದ ಬಲಗಡೆ ಒಂದಿಷ್ಟು ಕತ್ತರಿಸಿ ಹೋಗಿದ್ದರಿಂದ ಸಾಲಿನ ತುದಿಗೆ ನಿಲ್ಲುತ್ತಿದ್ದ ಹದಿನಾಲ್ಕನೆಯವನ ಒಂದು ಕಿವಿ, ಅರ್ಧ ಮೂಗು ಮಾತ್ರ ಕಾಣುತ್ತಿತ್ತು. ಮೊದಲ ಇಪ್ಪತ್ತು ನಿಮಿಷ ಒಬ್ಬೊಬ್ಬರೇ ಬಂದು ಸೈಕಲ್ ನಿಲ್ಲಿಸುವುದರಲ್ಲೇ ಹೋಯಿತು.

"ಇನ್ನೂ ಎಷ್ಟು ಸೈಕಲ್ ಬರ್ಬೇಕು ಭಾವ?" ಎಂದ ಬಾಮೈದ.

"ಒಂಬತ್ತು ಆಯ್ತು, ಇನ್ನೈದು" ಎಂದಳು ಮಗಳು. ಅದನ್ನೂ ಬರೆಯುತ್ತಿದ್ದಳು.

"ಆ ಮಾತು ಬಿಟ್ಟ ಹೆಣ್ಣು ಯಾವುದು? ಹಸಿರು ಸೀರೆನಾ?"

"ಅವಳೇ ಅತ್ತೆ. ಸ್ವಲ್ಪ ತಡೀರಿ, ಈಗ ಏರುತ್ತೆ ನೋಡಿ."

ಮೂವತ್ತಾರು ವರ್ಷದಲ್ಲಿ ಸಿನಿಮಾ ಸಪ್ಪೆಯಾಗಿಬಿಟ್ಟಿತೇ? ಹೆಂಡತಿ ಟಿವಿ ಬಿಟ್ಟು ಕುರ್ಚಿಯನ್ನೇ ನೋಡುತ್ತಿದ್ದಳು, ಬೆತ್ತ ಎಲ್ಲಿ ಬಿಚ್ಚಿದೆ, ಎಲ್ಲಿ ಕಟ್ಟಿಸಬೇಕು ಎಂಬಂತೆ.

ಆಮೇಲೆ ಮೆಲ್ಲಗೆ ಕಾವು ಏರಿತು. ಅವತ್ತೇ ಕೆಲಸ ಕೇಳಿಕೊಂಡು ಸಂದರ್ಶನಕ್ಕೆ ಬಂದವನೊಬ್ಬ ದಾರಿ ತಪ್ಪಿ ಮುಷ್ಕರದ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಜೋರಾಗಿ "ನಮ್ಮ ಬೋನಸ್ ಕೊಡಿ" ಎಂದು ಕೂಗತೊಡಗಿದ. ಬಾಮೈದ ಕಿಸಕ್ಕೆಂದ. ಹಸಿರು ಸೀರೆಯವಳು ಗಂಡನಿಗೆ ಹೇಳಬೇಕಾದ ಬೈಗುಳವನ್ನೆಲ್ಲ ಘೋಷಣೆ ಮಾಡಿ ಕೂಗಿದಳು, ಉಳಿದವರು ಗೊತ್ತಿಲ್ಲದೆ ಅದನ್ನೇ ಮತ್ತೆ ಕೂಗಿದರು. ಅತ್ತೆ ತೊಡೆ ತಟ್ಟಿದರು. ಇನ್ನು ಭಯವಿಲ್ಲ ಎಂದು ಮುಖಂಡರು ಕಾಲು ಚಾಚಿದರು.

"ಈಗ ನೋಡಿ, ಬಂದ ಬೋಳ! ಎರಡನೇ ಗೇಟಿನ ಬೋಳನ ಪಡಿಯಚ್ಚು!"

ಪರದೆಯ ಮೇಲೆ ಮೈಕಣ್ಣ ಬಂದ.

"ಬೋಳನಿಗೆ ಇಷ್ಟೊಂದು ಕೂದಲು ಎಲ್ಲಿಂದ ಬಂತ್ರೀ?" ಎಂದಳು ಹೆಂಡತಿ.

"ಸಿನಿಮಾ ಕಣೇ, ವಿಗ್ಗು."

ಮೈಕಣ್ಣ ಒಂದು ಪೆಟ್ಟಿಗೆಯ ಮೇಲೆ ಹತ್ತಿದ. ಕನ್ನಡಕ ತೆಗೆದು ಜೇಬಿಗೆ ಹಾಕಿದ. ಮೂರು ಸಲ ಗಂಟಲು ಸರಿಮಾಡಿಕೊಂಡ. "ಸಂಗಾತಿಗಳೇ, ನಾನು ಹೆಚ್ಚು ಹೊತ್ತು ತಗೊಳ್ಳಲ್ಲ. ಮೂರೇ ಮೂರು ಮಾತು. ಒಂದನೇದು..." ಎಡಗೈ ಮೇಲೆದ್ದಿತು, ಗಾಳಿಯನ್ನು ಕೊಚ್ಚತೊಡಗಿತು.

ಕೋಣೆಯಲ್ಲಿ ಪ್ರೆಶರ್ ಕುಕ್ಕರ್ ಸೀಟಿ ಹಾಕುವ ಮುಂಚೆ ಬರುವಂಥ ಸದ್ದೊಂದು ಕೇಳಿತು. ಅಳಿಯ. ಹನ್ನೊಂದು ವರ್ಷ "ಹೂಂ ಮಾವ" ಎಂದಿದ್ದ ಆ ಸಾಧುಪ್ರಾಣಿ ಬಾಯಿಗೆ ದಿಂಬು ಒತ್ತಿಕೊಂಡು ನಡುಗುತ್ತಿದ್ದ. ಮರುಕ್ಷಣ ದಿಂಬು ಹಾರಿತು. ಅವನ ನಗೆ ಮಗಳಿಗೆ ತಗುಲಿತು, ಮಗಳದ್ದು ಬಾಮೈದನಿಗೆ, ಅಲ್ಲಿಂದ ಅತ್ತೆಗೆ. ಬಾಮೈದ ಸೋಫಾದಿಂದ ಜಾರಿ ನೆಲಕ್ಕೆ ಬಂದ, ಮತ್ತೆ ಮೇಲೇಳಲಿಲ್ಲ.

"ಯಾಕೆ, ಅಂಥದ್ದೇನಿದೆ?" ಎಂದರು ಮುಖಂಡರು.

ಅಳಿಯ ದಿಂಬು ಹುಡುಕಿ ಮತ್ತೆ ಬಾಯಿಗೆ ಒತ್ತಿಕೊಂಡ.

ಕತೆ ಮುಂದೆ ಸಾಗಿತು. ಮೈಕಣ್ಣನೇ ಮಾಲೀಕನ ಕೋಣೆಗೆ ಬೀಗ ಜಡಿದ. ಬೀಗದ ಕೈ ಭದ್ರವಾಗಿರಲಿ ಎಂದು ಎಲ್ಲೋ ಬಚ್ಚಿಟ್ಟು, ಮಾತಿನ ಭರದಲ್ಲಿ ಎಲ್ಲಿಟ್ಟೆ ಎಂದು ಮರೆತ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಮಂದಿಗೂ ಒಂದೊಂದು ಥರದ ಸಂಕಟ ಶುರುವಾಯಿತು. ಒಬ್ಬ ನಿಂತಲ್ಲೇ ಕಾಲು ಬದಲಾಯಿಸಿದ, ಇನ್ನೊಬ್ಬ ಕಾಲು ಹೆಣೆದುಕೊಂಡು ಘೋಷಣೆ ಕೂಗಿದ. ಮೈಕಣ್ಣ ಆವೇಶದಲ್ಲಿ ಬೀಗ ಹಾಕಿದ್ದು ಮಾಲೀಕನ ಕೋಣೆಗಲ್ಲ, ಅದರ ಪಕ್ಕದ ಕಾರ್ಮಿಕರ ಕಕ್ಕಸಿಗೆ! ಅವನೋ ಒಂದನೇ ಮಾತಿನ ಒಂಬತ್ತನೇ ಉಪವಿಭಾಗದಲ್ಲಿದ್ದ. ಬಾಗಿಲು ಬರೀ ಮುಚ್ಚಿದ್ದ ಕೋಣೆಯಲ್ಲಿ ಮಾಲೀಕ ಫ್ಯಾನ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ನಡುವೆ ಒಮ್ಮೆ ಎದ್ದು, ಪಾಪ ಅನ್ನಿಸಿ, ಕಿಟಕಿಯಿಂದ ಮುಷ್ಕರದವರಿಗೆ ಬಿಸ್ಕತ್ತು ಕೊಟ್ಟು ಮತ್ತೆ ಮಲಗಿದ.

ಹೆಂಡತಿ ಅಷ್ಟು ಹೊತ್ತೂ ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ಕಕ್ಕಸಿನ ವಿಷಯ ಬಯಲಾದಾಗ ಒಡೆದಳು. ಸೆರಗು ಬಾಯಿಗೆ, ಕಣ್ಣಲ್ಲಿ ನೀರು.

"ರೀ... ಹೋದ ವರ್ಷ... ಅಮ್ಮನ್ನ ಒಳಗಡೆ ಬಿಟ್ಟು... ಮನೆಗೆ ಬೀಗ ಹಾಕ್ಕೊಂಡು..."

"ಅದು ಬೇರೆ ಸಂದರ್ಭ! ಆವತ್ತು ರಿಕ್ಷಾದವನು ಅವಸರ ಮಾಡ್ತಿದ್ದ!"

"ಅವರನ್ಯಾಕೆ ಬೈತೀಯೇ?" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಆವತ್ತಿನಷ್ಟು ನೆಮ್ಮದಿಯಾಗಿ ನಾನು ಈ ಮನೇಲಿ ಯಾವತ್ತೂ ಮಲಗಿಲ್ಲ."

"ಅಪ್ಪ," ಎಂದಳು ಮಗಳು, ಪೆನ್ನು ಹಿಡಿದುಕೊಂಡೇ, "ಆ ಜುಬ್ಬಾದವರ ಹತ್ರ ನೀವು ಒಟ್ಟು ಎಷ್ಟು ಹೊತ್ತು ಮಾತಾಡಿದ್ರಿ?"

"ಹತ್ತೊಂಬತ್ತು ದಿನ" ಎಂದರು ಮುಖಂಡರು. "ಎರಡನೇ ಗೇಟಿಗೂ ಹೋಗಿರ್ತಾನೆ. ಖಂಡಿತ ಹೋಗಿರ್ತಾನೆ. ಆ ಬೋಳನೂ ಎಡಗೈ... ಒಮ್ಮೊಮ್ಮೆ ಎಡಗೈಯಲ್ಲೇ..."

ಐದು ಗಂಟೆಯ ಸೈರನ್ ಕೂಗಿತು, ಸಿನಿಮಾದಲ್ಲಿ. ಮಾಲೀಕ ಆಕಳಿಸುತ್ತ ಬಾಗಿಲು ತಳ್ಳಿಕೊಂಡು ಹೊರಬಂದ. "ಡ್ಯೂಟಿ ಮುಗೀತು, ನಾನು ಹೊರಡ್ತೀನಿ. ನೀವೂ ಹೊರಡಿ, ಹೊತ್ತಾಯ್ತು" ಎಂದ. ಗಂಡಸರು ಬೇಲಿಯ ಆಚೆಗಿನ ಪೊದೆಗಳತ್ತ ಓಡಿದರು, ಸಂದರ್ಶನಕ್ಕೆ ಬಂದವನೇ ಎಲ್ಲರಿಗಿಂತ ಮುಂದೆ. ಗೇಟಿನತ್ತ ಹೊರಟ ಹಸಿರು ಸೀರೆಯವಳು ಗಂಡನ ಬೆನ್ನಿಗೆ, ಆರು ವರ್ಷದ ಮೇಲೆ ಮೊದಲ ಸಲ, "ಬೇಗ ಬನ್ರೀ, ಕಾಯ್ತಿರ್ತೀನಿ" ಎಂದಳು. ಅತ್ತೆ ಮೂಗು ಒರೆಸಿಕೊಂಡರು. ಖಾಲಿ ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ಮೈಕಣ್ಣ ಒಬ್ಬನೇ: "ಇನ್ನು ಎರಡನೇ ಮಾತು..."

ಪರದೆ ಕಪ್ಪಾಯಿತು. ಥಿಯೇಟರಿನಲ್ಲಿ ಮುಖಂಡರು ಜಿಗಿದು ಪರದೆಯ ಮುಂದೆ ನಿಂತ ಕ್ಷಣ ಇದೇ. ಇಲ್ಲಿಂದ ಮುಂದಿನದನ್ನು ಅವರು ಕಂಡೇ ಇರಲಿಲ್ಲ. ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಬಂದವು. ಮಗಳು ಕೋರ್ಟಿನಲ್ಲಿ ಹೇಳಿಕೆ ಓದುವ ದನಿಯಲ್ಲಿ ಓದಿದಳು:

"ಕೃತಜ್ಞತೆಗಳು. ಬಾಟಲಿ ಕಾರ್ಖಾನೆಯ ಮೊದಲನೇ ಗೇಟಿನ ಮುಖಂಡರಿಗೆ. ಅವರು ಇಲ್ಲದಿದ್ದರೆ ಈ ಚಿತ್ರ ಒಂದು ಗಂಟೆ ಚಿಕ್ಕದಾಗಿರುತ್ತಿತ್ತು."

ಮೊದಲನೇ ಗೇಟು. ಎರಡನೆಯದಲ್ಲ. ಬೋಳ ಮೂವತ್ತಾರು ವರ್ಷದ ಬಳಿಕ ಖುಲಾಸೆಯಾದ.

ಮುಖಂಡರಿಗೆ ಮತ್ತೊಂದು ಲೆಕ್ಕವೂ ತಾನಾಗಿ ಬಿಡಿಸಿಕೊಂಡಿತು. ಅವತ್ತು ಪರದೆಯ ಮುಂದೆ ಅವರು ನಿಂತಿದ್ದಾಗ ಈ ಅಕ್ಷರಗಳು ಬಿದ್ದದ್ದು ಅವರ ಬಿಳಿ ಅಂಗಿಯ ಮೇಲೆ. ಮುನ್ನೂರು ಜನ ಎದ್ದು ನಿಂತು ಸಿಳ್ಳೆ ಹೊಡೆದದ್ದು ಭಾಷಣ ಕೇಳಿ ಅಲ್ಲ, ಅಂಗಿ ಓದಿ.

ನಗೆ ನಿಂತಿತು. ಯಾರೂ ನಿಲ್ಲಿಸಿದ್ದಲ್ಲ, ಅವರ ಮುಖ ನೋಡಿ ತಾನಾಗಿ ನಿಂತಿತು. ಹೆಂಡತಿ ಕಣ್ಣೊರೆಸಿಕೊಂಡು ಮೃದುವಾಗಿ ಹೇಳಿದಳು, "ಎಷ್ಟೋ ವರ್ಷ ಆಗಿತ್ತು ರೀ, ಇಷ್ಟು ನಕ್ಕು. ಚಿನ್ನದಂಥ ಸಿನಿಮಾ. ಮತಕ್ಕೆ ಹಾಕಿ." ಹಾಗೆ ಹೇಳಿ ತಾನೇ ಮೊದಲು ಕೈ ಎತ್ತಿದಳು. ಅತ್ತೆ ಎತ್ತಿದರು. ಮಗಳು ಎತ್ತಿದಳು. ಬಾಮೈದ ನೆಲದ ಮೇಲಿಂದಲೇ ಎತ್ತಿದ. ಅಳಿಯ ಎತ್ತಿ, "ತುಂಬಾ ಚೆನ್ನಾಗಿದೆ ಮಾವ" ಎಂದ. ಹನ್ನೊಂದು ವರ್ಷದಲ್ಲಿ ಅವನಾಡಿದ ಅತಿ ದೊಡ್ಡ ವಾಕ್ಯ ಅದು.

ಐದು ಕೈ. ಐದೂ ಮುಖಂಡರ ಪರ! ಅವರು ಮಾಡಬೇಕಾಗಿದ್ದದ್ದು ಇಷ್ಟೇ: ಬಾಯಿ ಮುಚ್ಚಿಕೊಂಡು, "ಠರಾವು ಅಂಗೀಕಾರವಾಗಿದೆ" ಎಂಬ ಎರಡು ಪದ ಹೇಳುವುದು. ಕುರ್ಚಿ ಸಾಯುವವರೆಗೂ ಅವರದು. ಇದು ಅವರಿಗೂ ಸ್ಪಷ್ಟವಾಗಿ ಗೊತ್ತಿತ್ತು. ಲಾಠಿ ಏಟನ್ನು ತಡೆದುಕೊಂಡ ಮನುಷ್ಯ, ಎರಡು ಪದದಲ್ಲಿ ನಿಲ್ಲಿಸುವುದು ಮಾತ್ರ ಅವರ ಕೈಲಾಗಲಿಲ್ಲ.

"ಸಂಗಾತಿಗಳೇ!" ಎಂದು ಎದ್ದು ನಿಂತರು. ಕೈ ಕನ್ನಡಕಕ್ಕೆ ಹೋಯಿತು, ಅರ್ಧದಲ್ಲಿ ಎಚ್ಚರಾಗಿ ವಾಪಸ್ ಬಂತು. "ಇದು ಪಿತೂರಿ! ದುಡಿಯುವ ವರ್ಗಕ್ಕೆ ಮಾಡಿದ ಅವಮಾನ! ಮಾಲೀಕ ಬಿಸ್ಕತ್ತು ಕೊಡ್ತಾನಂತೆ! ಯಾವ ಮಾಲೀಕ ಬಿಸ್ಕತ್ತು ಕೊಟ್ಟಿದ್ದಾನೆ ಚರಿತ್ರೆಯಲ್ಲಿ? ತಾಂತ್ರಿಕವಾಗಿ ಹೇಳೋದಾದರೆ ಸೌಂಡೂ ಸರಿಯಿಲ್ಲ!"

"ಮಾವ, ನೀವು ಗೆದ್ದಿದ್ದೀರ" ಎಂದ ಅಳಿಯ ಮೆಲ್ಲಗೆ.

"ಸುಮ್ನಿರಯ್ಯ! ಅಧ್ಯಕ್ಷನ ವಿಶೇಷ ಅಧಿಕಾರ ಚಲಾಯಿಸಿ ಈ ಮತದಾನವನ್ನ ರದ್ದು ಮಾಡ್ತಿದ್ದೀನಿ. ಇದು ಯಾವ ಮರ್ಯಾದಸ್ಥರೂ ನೋಡುವಂಥ ಸಿನಿಮಾ ಅಲ್ಲ! ಇದು ಅಧ್ಯಕ್ಷನ ಅಂತಿಮ ತೀರ್ಪು!"

ಹೆಂಡತಿ ಕೇಳಿದಳು, "ಅಂತಿಮನಾ?"

"ಅಂತಿಮ!"

"ನೋಡುವಂಥದ್ದಲ್ಲ?"

"ಅಲ್ಲ, ಅಲ್ಲ, ಅಲ್ಲ!"

"ಮೂರು ಸಲ ಹೇಳಿದ್ದಾರೆ, ಮೂರೂ ಬರ್ಕೊಳ್ಳೇ" ಎಂದು ಮಗಳಿಗೆ ಹೇಳಿ ಹೆಂಡತಿ ಎದ್ದು ಬಂದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಳು.

ಮುಖಂಡರಿಗೆ ತಾವು ಏನು ಮಾಡಿಕೊಂಡೆವು ಎಂಬುದು ತಲೆಗೆ ಹೋದದ್ದು ಹಿಂದಕ್ಕೆ ಕೂರಲು ಹೋಗಿ, ಕುರ್ಚಿಯಲ್ಲಿ ಹೆಂಡತಿ ಇರುವುದನ್ನು ಸೊಂಟದಿಂದ ತಿಳಿದಾಗ. ಐದು ಮತದಿಂದ ಗೆದ್ದ ಠರಾವನ್ನು ತಾವೇ ಬೀಳಿಸಿ ಪದಚ್ಯುತರಾದ ಅಧ್ಯಕ್ಷರು ಚಳವಳಿಗಳ ಚರಿತ್ರೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಬಾಮೈದ ಸರಿದು, ನೆಲದ ಮೇಲೆ ಜಾಗ ಮಾಡಿಕೊಟ್ಟ.

"ಹೊಸ ಅಧ್ಯಕ್ಷೆಯ ಮೊದಲನೇ ವಿಷಯ" ಎಂದಳು ಹೆಂಡತಿ, ಕುರ್ಚಿಯ ಕೈಗಳನ್ನು ಸವರುತ್ತ. "ಈ ಸಿನಿಮಾನ ಈಗಲೇ ಇನ್ನೊಂದು ಸಲ ನೋಡೋದು. ಸೈಕಲ್ ಬಿಟ್ಟು, ಮೈಕಣ್ಣ ಬಂದಲ್ಲಿಂದ. ಯಾರಾದ್ರೂ ವಿರೋಧ ಇದ್ದೀರಾ?"

"ನಾನಿದ್ದೀನಿ!" ಮುಖಂಡರು ನೆಲದಿಂದ ಎದ್ದರು. "ಮಾತಾಡೋ ಹಕ್ಕು ಸದಸ್ಯನಿಗಿದೆ. ವಿರೋಧ ಯಾಕೆ ಅಂತ ವಿವರಿಸ್ತೀನಿ. ಹೆಚ್ಚು ಹೊತ್ತು ತಗೊಳ್ಳಲ್ಲ..."

"ಖಂಡಿತ ಹಕ್ಕಿದೆ. ಮಾತಾಡಿ" ಎಂದಳು ಅಧ್ಯಕ್ಷೆ ಉದಾರವಾಗಿ. ಅಳಿಯನಿಗೆ ಕಣ್ಣು ಮಿಟುಕಿಸಿದಳು. ಸಿನಿಮಾ ಶುರುವಾಯಿತು.

ಪರದೆಯ ಮೇಲೆ ಮೈಕಣ್ಣ ಪೆಟ್ಟಿಗೆ ಹತ್ತಿದ. ಟಿವಿಯ ಪಕ್ಕದಲ್ಲಿ ಮುಖಂಡರು ಎಡಗೈ ಎತ್ತಿದರು. ಅವನೂ ಕೊಚ್ಚಿದ, ಇವರೂ ಕೊಚ್ಚಿದರು. ಅವನು ಒಂದನೇ ಮಾತಿನಲ್ಲಿದ್ದ, ಇವರೂ ಒಂದನೇ ಮಾತಿನಲ್ಲಿದ್ದರು. ನಾಲ್ಕು ಜನ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ನೋಡುತ್ತ ನಗಲು ತ್ರಾಣ ಸಾಲದೆ ಒದ್ದಾಡುತ್ತಿದ್ದರು. ಅತ್ತೆ ಮಾತ್ರ ಹಸಿರು ಸೀರೆಯವಳ ಮೇಲೆ ಕಣ್ಣು ನೆಟ್ಟಿದ್ದರು. ಏನೂ ಕೇಳಿಸದೆ ಕೊನೆಗೆ ಮೊಮ್ಮಗಳ ಮೊಣಕೈ ತಿವಿದರು.

"ಆ ಸೌಂಡ್ ಸ್ವಲ್ಪ ಕಮ್ಮಿ ಮಾಡೇ."

ಮಗಳು ರಿಮೋಟ್ ಒತ್ತಿ ಟಿವಿಯ ದನಿ ಇಳಿಸಿದಳು.

"ಟಿವಿದಲ್ಲ ಕಣೇ," ಎಂದರು ಅತ್ತೆ.